ಇಪ್ಪತ್ತಕ್ಕೆ ಇಪ್ಪತ್ತು

ಮೊಬೈಲಿನ ಗಡಿಯಾರ 1 ನಿಮಿಷ 9 ಸೆಕೆಂಡು ತೋರಿಸುತ್ತಿದ್ದಾಗ ಅವಳ ಮಾತು ನಿಂತುಹೋಯಿತು. ಇನ್ನೂ ಐವತ್ತು ಸೆಕೆಂಡು ಬಾಕಿ ಇತ್ತು. ನಾನು ಬಾಯಿ ಬಿಡಲಿಲ್ಲ. ಪರೀಕ್ಷಕರು ಹಾಗೆಯೇ ಮುಖ ನೋಡುತ್ತ ಕುಳಿತಿರುತ್ತಾರೆ ಎಂದು ಅವಳೇ ಹೇಳಿದ್ದಳು. ಓಢಣಿಯ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಒಳಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಕೊನೆಗೆ ಕನ್ನಡಕ್ಕೆ ಹೊರಳಿ, “ಸರ್, ಗೋಳಗುಮ್ಮಟದ ಬಗ್ಗೆ ಇನ್ನೇನು ಹೇಳಬೇಕು? ದಿನಾ ಡ್ಯೂಟಿಗೆ ಹೋಗುವಾಗ ಕಾಣುತ್ತದೆ. ಅಷ್ಟೇ” ಎಂದಳು.

ಚೀಟಿಯ ಮೇಲಿದ್ದದ್ದು ಇಷ್ಟೇ: ನಿಮ್ಮ ಊರಿನ ಹಳೆಯ ಕಟ್ಟಡವೊಂದನ್ನು ವರ್ಣಿಸಿ. ವಿದೇಶಕ್ಕೆ ಹೋಗುವವರ ಇಂಗ್ಲಿಷನ್ನು ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಯ ಮಾತಿನ ಭಾಗದಲ್ಲಿ ಇಂಥದೊಂದು ಚೀಟಿ ಕೈಗೆ ಕೊಡುತ್ತಾರೆ. ಯೋಚಿಸಲು 1 ನಿಮಿಷ, ಮಾತಾಡಲು 2 ನಿಮಿಷದವರೆಗೆ. ವಿಜಯಪುರದವಳಿಗೆ ಇದಕ್ಕಿಂತ ಸುಲಭದ ಪ್ರಶ್ನೆ ಬರಲಾರದು ಎಂದುಕೊಂಡು ಆ ಚೀಟಿಯನ್ನು ನಾನೇ ಬರೆದಿದ್ದೆ. ಆದರೆ ದಿನಾ ಕಣ್ಣಿಗೆ ಬೀಳುವ ವಸ್ತುವಿನ ಬಗ್ಗೆ, ಅದೂ ಗುರುತಿಲ್ಲದವರ ಮುಂದೆ, ಎರಡು ನಿಮಿಷ ಬಿಡದೆ ಮಾತಾಡುವ ರೂಢಿ ನಮ್ಮಲ್ಲಿ ಯಾರಿಗಿದೆ? ಕನ್ನಡದಲ್ಲಿ ಕೇಳಿದ್ದರೆ ಅವಳು ನಲವತ್ತು ಸೆಕೆಂಡಿಗೇ ಮುಗಿಸಿ ಚಹಾ ಕುಡಿಯುತ್ತಿದ್ದಳೋ ಏನೋ.

ಅವಳು ನರ್ಸ್. ಇಂಡಿ ತಾಲ್ಲೂಕಿನ ಹಳ್ಳಿಯವಳು, ಮನೆಯಲ್ಲಿ ನಿಂಬೆ ತೋಟವಿದೆ, ಹತ್ತನೆಯವರೆಗೆ ಕನ್ನಡ ಸಾಲೆ. ಭಾನುವಾರ ರಾತ್ರಿ ಪಾಳಿ ಮುಗಿಸಿ, ಟಂಟಂ ಹಿಡಿದು ನೇರವಾಗಿ ನಮ್ಮ ಮನೆಗೆ ಬರುತ್ತಾಳೆ. ಬ್ರಿಟನ್ನಿಗೆ ಹೋಗುವ ಆಸೆ. ಅಲ್ಲಿ ನರ್ಸ್ ಎಂದು ಹೆಸರು ನೋಂದಾಯಿಸಲು ಐಇಎಲ್‌ಟಿಎಸ್‌ನಲ್ಲಿ ಆಲಿಸುವುದು, ಓದುವುದು, ಮಾತಾಡುವುದು ಈ ಮೂರಕ್ಕೆ ತಲಾ 7, ಬರೆಯುವುದಕ್ಕೆ 6.5 ಬರಬೇಕು. ಒಟ್ಟು ಅಳತೆ 9ರವರೆಗೆ. ಮೊದಲ ಸಲ ಬೆಂಗಳೂರಿಗೆ ಹೋಗಿ, ಸುಮಾರು ಒಂದು ತಿಂಗಳ ಸಂಬಳವನ್ನು ಶುಲ್ಕವಾಗಿ ಕಟ್ಟಿ ಪರೀಕ್ಷೆ ಬರೆದು ಬಂದಳು. ಬರವಣಿಗೆ 6.5, ಓದು 6.5, ಮಾತು 5.5, ಆಲಿಸುವುದು 5.5.

ಆ ಅಂಕಗಳನ್ನು ಮೊಬೈಲಿನಲ್ಲಿ ನನ್ನ ಮುಂದೆ ಹಿಡಿದಾಗ ನನಗೆ ಅವಳ ಫಲಿತಾಂಶ ಕಾಣಿಸಲಿಲ್ಲ, ನನ್ನದು ಕಾಣಿಸಿತು. ಏಕೆಂದರೆ ಅವಳು ನನ್ನದೇ ವಿದ್ಯಾರ್ಥಿನಿ. 2016ರಲ್ಲಿ ಎಸ್‌ಎಸ್‌ಎಲ್‌ಸಿ, ಇಂಗ್ಲಿಷಿನಲ್ಲಿ 100ಕ್ಕೆ 91. ಅದರಲ್ಲಿ 80 ಅಂಕದ್ದು ಲಿಖಿತ ಪರೀಕ್ಷೆ, ಬೇರೆ ಊರಿನ ಮಾಸ್ತರರು ತಿದ್ದುತ್ತಾರೆ. ಉಳಿದ 20 ಶಾಲೆಯ ಆಂತರಿಕ ಮೌಲ್ಯಮಾಪನ. ಆ ಇಪ್ಪತ್ತನ್ನು ಕೊಟ್ಟವನು ನಾನು. ಇಪ್ಪತ್ತಕ್ಕೆ ಇಪ್ಪತ್ತು.

ಆ ಇಪ್ಪತ್ತು ಯಾವುದಕ್ಕೆ ಎಂದು ಆಗ ಯಾರೂ ಕೇಳಲಿಲ್ಲ, ಈಗ ನಾನೇ ಕೇಳಿಕೊಳ್ಳುತ್ತಿದ್ದೇನೆ. ಅವಳ ಪಟ್ಟಿ ಚೆನ್ನಾಗಿತ್ತು, ಅಕ್ಷರ ಮುತ್ತಿನಂತಿತ್ತು, ಚಾರ್ಟ್ ಮಾಡಿ ತಂದಿದ್ದಳು. ಮಕ್ಕಳು ಮಾತಾಡುವುದನ್ನೂ ಕೇಳಿ ತಿಳಿದುಕೊಳ್ಳುವುದನ್ನೂ ನೋಡಬೇಕು ಎಂದು ತರಬೇತಿಗಳಲ್ಲಿ ಹೇಳುತ್ತಿದ್ದರು, ನಾವೂ ತಲೆಯಾಡಿಸಿ ಬರುತ್ತಿದ್ದೆವು. ನನ್ನ ತರಗತಿಯಲ್ಲಿ 62 ಮಕ್ಕಳು, ಅವಧಿ 40 ನಿಮಿಷ. ಲೆಕ್ಕ ಹಾಕಿದರೆ ಒಬ್ಬೊಬ್ಬರಿಗೆ ನಲವತ್ತು ಸೆಕೆಂಡೂ ಸಿಗುವುದಿಲ್ಲ, ಹಾಜರಿ ಕೂಗುವ ಸಮಯವನ್ನು ಬಿಟ್ಟು. ಹಾಗಾಗಿ ವರ್ಷದ ಕೊನೆಗೆ ಸಿಬ್ಬಂದಿ ಕೋಣೆಯಲ್ಲಿ ಕುಳಿತು ಕೋಷ್ಟಕ ತುಂಬುತ್ತಿದ್ದೆವು. ಜಾಣರಿಗೆ 20, ನಡುವಿನವರಿಗೆ 18, ಶಾಲೆಗೇ ಸರಿಯಾಗಿ ಬಾರದವನಿಗೆ 16. ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿದೆ. ಒಂದೇ ಒಂದು ಮಗು ಎರಡು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದ್ದನ್ನು ಕೇಳಿ ಅಂಕ ಕೊಟ್ಟ ನೆನಪು ನನಗಿಲ್ಲ. ನಾನು ಅಳೆದದ್ದು ಕೈಯನ್ನು, ಪ್ರಮಾಣಪತ್ರ ಕೊಟ್ಟದ್ದು ನಾಲಿಗೆಗೆ.

ಕೈಗಾದರೂ ಏನು ಕಲಿಸಿದೆವು? ಹತ್ತನೆಯ ತರಗತಿಯಲ್ಲಿ ಕಂಠಪಾಠಕ್ಕೆ ಶೇಕ್ಸ್‌ಪಿಯರನ ನಾಟಕವೊಂದರಿಂದ ದಯೆಯ ಕುರಿತ ಸಾಲುಗಳಿದ್ದವು. ದಯೆ ಮಳೆಯ ಹಾಗೆ ತಾನಾಗಿ ಸುರಿಯುತ್ತದೆ ಎಂಬ ಸುಂದರ ಮಾತು. ಅಲ್ಲಿ ‘ಡ್ರಾಪೆತ್’ ಎಂಬ ಕ್ರಿಯಾಪದ ಬರುತ್ತದೆ. ನಾನೂರು ವರ್ಷದ ಹಿಂದಿನ ಆ ರೂಪವನ್ನು ಇಂಡಿ, ಸಿಂದಗಿಯ ಮಕ್ಕಳು ಒಂದಕ್ಷರ ತಪ್ಪಿಲ್ಲದೆ ಬರೆಯುತ್ತಿದ್ದರು. ‘ನನಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಲು ಮಾತ್ರ ಅವರಿಗೆ ಬರುತ್ತಿರಲಿಲ್ಲ. ಶೇಕ್ಸ್‌ಪಿಯರ್ ಬೇಡ ಎನ್ನುತ್ತಿಲ್ಲ. ಬಿಎಂಶ್ರೀ, ಗೋಕಾಕರು, ಅನಂತಮೂರ್ತಿ ಎಲ್ಲರೂ ಇಂಗ್ಲಿಷ್ ಮಾಸ್ತರರೇ, ಅಲ್ಲಿಂದ ಕನ್ನಡಕ್ಕೆ ಏನೇನು ಹೊತ್ತು ತಂದರು ಎಂಬುದು ಎಲ್ಲರಿಗೂ ಗೊತ್ತು. (ಗೋಕಾಕ್ ಚಳವಳಿ ಎಂದರೆ ಬೆಳಗಾವಿ ಜಿಲ್ಲೆಯ ಗೋಕಾಕ ಊರಿನಲ್ಲಿ ಶುರುವಾದದ್ದು ಎಂದು ತಿಳಿದಿದ್ದ ಹುಡುಗರು ನನ್ನ ತರಗತಿಯಲ್ಲಿದ್ದರು. ಕನ್ನಡಕ್ಕೆ ಅಗ್ರಸ್ಥಾನ ಕೇಳಿದ ಚಳವಳಿಗೆ ಹೆಸರು ಬಂದದ್ದು ಸವಣೂರಿನಲ್ಲಿ ಹುಟ್ಟಿ ಆಕ್ಸ್‌ಫರ್ಡಿನಲ್ಲಿ ಓದಿಬಂದ ಇಂಗ್ಲಿಷ್ ಪ್ರಾಧ್ಯಾಪಕರಿಂದ ಎಂದು ಹೇಳಿದರೆ ನಂಬುತ್ತಿರಲಿಲ್ಲ.) ಬೇಸರವಾಗುವುದು ಬೇರೆ ಕಾರಣಕ್ಕೆ. ಆ ಸಾಲುಗಳನ್ನು ಕಲಿಸಿದ್ದು ದಯೆಗಾಗಿ ಅಲ್ಲ, ನಾಲ್ಕು ಅಂಕಕ್ಕಾಗಿ.

ಒಮ್ಮೆ ಮಾತ್ರ ದಾರಿ ತಪ್ಪಿ ನೋಡಿದ್ದೆ.

ಎನ್. ಎಸ್. ಪ್ರಭು ಎಂಬ ವಿದ್ವಾಂಸರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಬೆಂಗಳೂರು ಪ್ರಾಜೆಕ್ಟ್ ಎಂದೇ ಅದು ಹೊರಗೆ ಪ್ರಸಿದ್ಧ. ವ್ಯಾಕರಣ ಹೇಳಿಕೊಡುವುದಿಲ್ಲ. ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ, ನಕ್ಷೆ ಇಂಥವನ್ನು ಇಟ್ಟು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವುದು. ಮಗುವಿನ ಮನಸ್ಸು ಲೆಕ್ಕ ಬಿಡಿಸುವುದರಲ್ಲಿ ತೊಡಗಿದ್ದಾಗ ಭಾಷೆ ಹಿಂದಿನ ಬಾಗಿಲಿನಿಂದ ಒಳಗೆ ಬರುತ್ತದೆ ಎಂಬುದು ಅವರ ನಂಬಿಕೆ. ಇಂದು ಜಗತ್ತಿನ ಎಷ್ಟೋ ಕಡೆ ಚಟುವಟಿಕೆಯ ಮೂಲಕ ಭಾಷೆ ಕಲಿಸುವವರು ಈ ಪ್ರಯೋಗವನ್ನು ನೆನೆಯುತ್ತಾರೆ. ನಮ್ಮ ರಾಜಧಾನಿಯ ಹೆಸರು ಹೊತ್ತ ಪ್ರಯೋಗ ಸಮುದ್ರ ದಾಟಿತು, ಕೃಷ್ಣೆಯನ್ನು ದಾಟಿ ನಮ್ಮ ಕಡೆ ಬರಲಿಲ್ಲ. ತರಬೇತಿಯೊಂದರಲ್ಲಿ ಯಾರೋ ಐದು ನಿಮಿಷ ಇದರ ಬಗ್ಗೆ ಹೇಳಿದ್ದನ್ನು ಹಿಡಿದುಕೊಂಡು, ಸಿಂದಗಿ ತಾಲ್ಲೂಕಿನ ಶಾಲೆಯಲ್ಲಿದ್ದಾಗ ನಾನು ಬಸ್ ನಿಲ್ದಾಣದ ವೇಳಾಪಟ್ಟಿಯನ್ನು ಡ್ರಾಯಿಂಗ್ ಹಾಳೆಯ ಮೇಲೆ ಬರೆದುಕೊಂಡು ತಂದೆ. ರೈಲು ನಮ್ಮ ಮಕ್ಕಳಿಗೆ ದೂರ, ಬಸ್ಸು ಹತ್ತಿರ.

ಹತ್ತೂವರೆಯೊಳಗೆ ವಿಜಯಪುರ ಮುಟ್ಟಬೇಕಾದರೆ ಯಾವ ಬಸ್ಸು ಹಿಡಿಯಬೇಕು ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಜಾಣ ಹುಡುಗಿಯೊಬ್ಬಳು ಹಾಳೆ ನೋಡಿ ಒಂಬತ್ತರ ಬಸ್ಸು ಎಂದಳು. ಆಗ ಹಿಂದಿನ ಬೆಂಚಿನಿಂದ, ವರ್ಷವಿಡೀ ಬಾಯಿ ಬಿಡದ ಹುಡುಗನೊಬ್ಬ ಎದ್ದು ನಿಂತ. “ನೋ ಸರ್. ನೈನ್ ಬಸ್ ನಾಟ್ ಕಮಿಂಗ್ ಡೇಲಿ.”

ಇಡೀ ತರಗತಿ ಗೊಳ್ಳೆಂದು ನಕ್ಕಿತು. ಅವನ ಇಂಗ್ಲಿಷಿಗಲ್ಲ, ಆ ಮಾತು ಅಷ್ಟು ನಿಜವಾಗಿತ್ತು. ಒಂಬತ್ತರ ಬಸ್ಸು ಫಲಕದ ಮೇಲೆ ಇರುತ್ತಿತ್ತು, ರಸ್ತೆಯ ಮೇಲೆ ವಾರಕ್ಕೆ ಎರಡು ದಿನ ಇರುತ್ತಿರಲಿಲ್ಲ. ಹಾಳೆಯಲ್ಲಿ ಇಲ್ಲದ, ತನಗೆ ಮಾತ್ರ ಗೊತ್ತಿದ್ದ ಸಂಗತಿಯೊಂದನ್ನು ಹೇಳಲೇಬೇಕೆನಿಸಿ ಆ ಹುಡುಗ ಪರಭಾಷೆಯಲ್ಲಿ ಬಾಯಿ ತೆರೆದಿದ್ದ. ಮಾಸ್ತರನಾದವನಿಗೆ ಇದಕ್ಕಿಂತ ದೊಡ್ಡ ಹಬ್ಬ ಯಾವುದು? ನಾನು ಮಾಡಿದ್ದೇನು ಗೊತ್ತೇ? “ನಾಟ್ ಕಮಿಂಗ್ ಅಲ್ಲಪ್ಪಾ, ಡಸ್ ನಾಟ್ ಕಮ್” ಎಂದು ತಿದ್ದಿದೆ. ಅವನು ಕುಳಿತುಕೊಂಡ. ಆ ವರ್ಷ ಮತ್ತೆ ಏಳಲಿಲ್ಲ.

ಅದೇ ವಾರ ಶಾಲೆ ನೋಡಲು ಬಂದಿದ್ದ ಅಧಿಕಾರಿಯೊಬ್ಬರು ಗೋಡೆಯ ಮೇಲಿನ ಹಾಳೆಯನ್ನು ಕಂಡು, “ಇದು ಯಾವ ಪಾಠ? ಪರೀಕ್ಷೆಗೆ ಬರುತ್ತದೆಯೇ?” ಎಂದು ಕೇಳಿದರು. ಬರುವುದಿಲ್ಲ ಎಂದೆ. ಅವರು ಬೈಯಲಿಲ್ಲ, ಸಿಟ್ಟಾಗಲಿಲ್ಲ. ಹಾಳೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ ಮುಂದಿನ ಕೋಣೆಗೆ ಹೋದರು. ವೇಳಾಪಟ್ಟಿಯನ್ನು ಸುತ್ತಿ ಕಪಾಟಿನ ಮೇಲಿಟ್ಟೆ. ಪರೀಕ್ಷೆ ಕೇಳದೆ ಇದ್ದದ್ದನ್ನು ಶಾಲೆ ಕಲಿಸುವುದಿಲ್ಲ. ಪಠ್ಯಪುಸ್ತಕದ ಮುನ್ನುಡಿಯಲ್ಲಿ ಎಷ್ಟೇ ಒಳ್ಳೆಯ ಮಾತು ಬರೆದಿರಲಿ, ಮಕ್ಕಳು ಓದುವುದು ಪ್ರಶ್ನೆಪತ್ರಿಕೆಯನ್ನು, ಮಾಸ್ತರರು ಓದುವುದೂ ಅದನ್ನೇ. ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಇದೆ. ನಮ್ಮ ಕಾಲದಲ್ಲಿ ಐದನೆಯಲ್ಲಿ ಶುರುವಾಗುತ್ತಿತ್ತು. ನಾಲ್ಕು ವರ್ಷ ಹಿಂದಕ್ಕೆ ಸರಿಸಿದೆವು, ಕಿವಿ ಬಾಯಿಗಳನ್ನು ಕೇಳುವ ಪ್ರಶ್ನೆಯೊಂದನ್ನು ಕೊನೆಯ ಪರೀಕ್ಷೆಗೆ ಸೇರಿಸಲಿಲ್ಲ. ಮಾಧ್ಯಮ ಕನ್ನಡವೋ ಇಂಗ್ಲಿಷೋ ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು, 2014ರಲ್ಲಿ ತೀರ್ಪೂ ಬಂತು. ಅದರ ಬಗ್ಗೆ ಎರಡೂ ಕಡೆಯವರು ಸಾಕಷ್ಟು ಬರೆದಿದ್ದಾರೆ, ನಾನು ಕೈ ಹಾಕುವುದಿಲ್ಲ.

ನನ್ನ ನರ್ಸ್‌ಗೆ ಮಾತಿಗಿಂತ ಹೆಚ್ಚು ಕಷ್ಟ ಕೊಟ್ಟದ್ದು ಕಿವಿ. ಆಲಿಸುವ ಪರೀಕ್ಷೆಯಲ್ಲಿ ಅರ್ಧ ಗಂಟೆಯ ಧ್ವನಿಮುದ್ರಣ, 40 ಪ್ರಶ್ನೆ. ಒಂದೇ ಸಲ ಕೇಳಿಸುತ್ತಾರೆ. ಮೊದಲ ದಿನ ಅಭ್ಯಾಸದ ಧ್ವನಿಮುದ್ರಣವೊಂದನ್ನು ಹಾಕಿದಾಗ ‘ಕಮ್ಫ್ಟಬಲ್’ ಎಂದು ಕೇಳಿಸಿದ ಪದವನ್ನು ಅವಳು ಹೊಸದೆಂದುಕೊಂಡಳು. ಬರೆದು ತೋರಿಸಿದೆ. “ಅಯ್ಯೋ, ಕಂಫರ್ಟೇಬಲ್ಲಾ?” ಎಂದಳು. ಆ ಪದ ಅವಳಿಗೆ ಹತ್ತು ವರ್ಷದಿಂದ ಗೊತ್ತು, ಕಣ್ಣಿಗೆ ಗೊತ್ತು. ಬರೆದಂತೆ ಓದುವ, ಓದಿದಂತೆ ಬರೆಯುವ ಭಾಷೆಯವರು ನಾವು. ಪ್ರತಿ ಅಕ್ಷರಕ್ಕೂ ಅದರ ಪಾಲು ಕೊಟ್ಟೇ ಮುಂದೆ ಹೋಗುತ್ತೇವೆ. ಇಂಗ್ಲಿಷಿನವರು ಒಂದು ಅಕ್ಷರವನ್ನು ಎತ್ತಿ ಹಿಡಿದು ಉಳಿದವನ್ನು ನುಂಗುತ್ತಾರೆ. ನಮ್ಮಲ್ಲಿ ಒತ್ತು ಅಕ್ಷರದ ಕೆಳಗೆ ಬರುತ್ತದೆ, ಕಣ್ಣಿಗೆ ಕಾಣುತ್ತದೆ. ಅವರ ಒತ್ತು ಗಾಳಿಯಲ್ಲಿರುತ್ತದೆ, ಯಾವ ಕಾಗುಣಿತದಲ್ಲೂ ಬರೆದಿರುವುದಿಲ್ಲ. ಇದನ್ನು ನಾನು ಒಂದು ದಿನವೂ ತರಗತಿಯಲ್ಲಿ ಹೇಳಲಿಲ್ಲ. ಹೇಳಲು ನನಗೆ ಆಗ ಗೊತ್ತಿರಲೂ ಇಲ್ಲ.

ನಾನು ಹೇಳಿಕೊಟ್ಟದ್ದು ಇನ್ನೊಂದು. ‘ದಿಸ್’, ‘ದ್ಯಾಟ್’ ಎನ್ನುವಾಗ ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ಗಾಳಿ ಬಿಡಬೇಕೆಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಉಗುಳು ಹಾರಿಸುವ ಕಲೆಯನ್ನು ವರ್ಷಗಟ್ಟಲೆ ಕಲಿಸಿದೆ. ನಿವೃತ್ತನಾದ ಮೇಲೆ ಓದಿದಾಗ ತಿಳಿಯಿತು. ಬ್ರಿಟನ್ನಿನ ಜೆನಿಫರ್ ಜೆಂಕಿನ್ಸ್ ಎಂಬ ಭಾಷಾವಿಜ್ಞಾನಿ ಬೇರೆ ಬೇರೆ ಮನೆಮಾತಿನವರು ಪರಸ್ಪರ ಇಂಗ್ಲಿಷಿನಲ್ಲಿ ಮಾತಾಡುವಾಗ ಎಲ್ಲಿ ಅರ್ಥ ಕೆಡುತ್ತದೆ, ಎಲ್ಲಿ ಕೆಡುವುದಿಲ್ಲ ಎಂದು ಗಮನಿಸಿ 2000ದಲ್ಲಿ ಒಂದು ಪುಸ್ತಕ ಬರೆದರು. ಆ ನಾಲಿಗೆ ಹಲ್ಲಿನ ಸರ್ಕಸ್ಸು ಇಲ್ಲದಿದ್ದರೆ ಯಾರಿಗೂ ಏನೂ ನಷ್ಟವಿಲ್ಲ ಎನ್ನುತ್ತಾರೆ ಅವರು. ಅರ್ಥ ಕೆಡುವುದು ಸ್ವರದ ಉದ್ದ ತಪ್ಪಿದಾಗ, ಪದದ ಮೊದಲಿನ ವ್ಯಂಜನಗಳನ್ನು ನುಂಗಿದಾಗ, ವಾಕ್ಯದಲ್ಲಿ ಒತ್ತು ಬೀಳಬೇಕಾದ ಪದವನ್ನು ಬಿಟ್ಟು ಬೇರೆಯದರ ಮೇಲೆ ಬಿದ್ದಾಗ. ಓದಿ ನಗು ಬಂತು. ಸ್ವರದ ಉದ್ದ ಎಂದರೆ ಹ್ರಸ್ವ ದೀರ್ಘ. ಅದು ನಮ್ಮ ಮಕ್ಕಳಿಗೆ ಒಂದನೆಯ ತರಗತಿಯ ಕಾಗುಣಿತದಲ್ಲೇ ಬಂದಿರುತ್ತದೆ. ‘ಶಿಪ್’ ಬೇರೆ, ‘ಶೀಪ್’ ಬೇರೆ ಎಂಬುದನ್ನು ಕನ್ನಡದ ಕಿವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಯಲ್ಲೇ ಇದ್ದ ಬಂಡವಾಳವನ್ನು ಬಿಟ್ಟು ಉಗುಳಿನ ಹಿಂದೆ ಬಿದ್ದಿದ್ದೆ.

ಇಷ್ಟೆಲ್ಲ ಆದ ಮೇಲೆ ಒಂದು ಭಾನುವಾರ, ಚೀಟಿಗೆ ಉತ್ತರ ಸಿಗಲಿ ಎಂದು ಅವಳನ್ನು ಗೋಳಗುಮ್ಮಟಕ್ಕೇ ಕರೆದುಕೊಂಡು ಹೋದೆ. ಮೂಲೆಯ ಮಿನಾರಿನ ಇಕ್ಕಟ್ಟು ಮೆಟ್ಟಿಲು ಹತ್ತಿ, ನಡುವೆ ಎರಡು ಸಲ ಕುಳಿತು, ಮೇಲಿನ ಪಿಸುಗುಟ್ಟುವ ಮೊಗಸಾಲೆ ತಲುಪಿದೆವು. 1656ರ ಸುಮಾರಿಗೆ ಮುಗಿದ ಕಟ್ಟಡ, ಒಳಗಿನ ಅಡ್ಡಗಲ ಸುಮಾರು 38 ಮೀಟರ್. ಶಾಲಾ ಮಕ್ಕಳ ದಂಡು ಒಂದೇ ಸಮನೆ ಕೂಗುತ್ತಿತ್ತು, ಒಂದೊಂದು ಕೂಗನ್ನೂ ಗುಮ್ಮಟ ಹಲವು ಸಲ ಹಿಂದಿರುಗಿಸುತ್ತಿತ್ತು. ಅಲ್ಲೊಬ್ಬ ಹಿರಿಯ ಗೈಡ್ ಜಪಾನಿನ ದಂಪತಿಗೆ ಗುಮ್ಮಟದ ಕಥೆ ಹೇಳುತ್ತಿದ್ದರು. ಅವರ ಇಂಗ್ಲಿಷಿನಲ್ಲಿ ‘ಎ’, ‘ದಿ’ ಒಂದೂ ಇರಲಿಲ್ಲ. ಕನ್ನಡದಲ್ಲೂ ಉರ್ದುವಿನಲ್ಲೂ ಇಲ್ಲದ್ದನ್ನು ಅವರು ಎಲ್ಲಿಂದ ತರಬೇಕು? ಭೂತಕಾಲವೂ ವರ್ತಮಾನವೂ ಅವರಿಗೆ ಒಂದೇ: ಸುಲ್ತಾನ ಬರುತ್ತಾನೆ, ಕಟ್ಟುತ್ತಾನೆ, ಸಾಯುತ್ತಾನೆ. ಆದರೆ ಪ್ರತಿ ಮುಖ್ಯ ಪದದ ಮುಂಚೆ ಒಂದು ಕ್ಷಣ ನಿಲ್ಲುತ್ತಿದ್ದರು, ಕೇಳುವವರ ಮುಖ ನೋಡುತ್ತಿದ್ದರು, ಮುಖದಲ್ಲಿ ಮೋಡ ಕಂಡರೆ ಅದೇ ಮಾತನ್ನು ಬೇರೆ ಪದದಲ್ಲಿ ಹೇಳುತ್ತಿದ್ದರು. ಆಮೇಲೆ ಗಂಡನನ್ನು ಇಲ್ಲಿ ನಿಲ್ಲಿಸಿ, ಹೆಂಡತಿಯನ್ನು ಎದುರು ದಂಡೆಗೆ ಕಳುಹಿಸಿ, ಗೋಡೆಗೆ ಮುಖ ಮಾಡಿ ಮೆಲ್ಲಗೆ ಏನಾದರೂ ಹೇಳಿ ಎಂದರು. ಮಕ್ಕಳ ಗದ್ದಲ ಇಳಿದ ಗಳಿಗೆಯಲ್ಲಿ ಆತ ಜಪಾನಿ ಭಾಷೆಯಲ್ಲಿ ಏನೋ ಪಿಸುಗುಟ್ಟಿದ. ಆಚೆ ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

“ಇವರಿಗೆ ಐಇಎಲ್‌ಟಿಎಸ್‌ನಲ್ಲಿ ಎಷ್ಟು ಬರಬಹುದು ಸರ್?” ಎಂದು ನನ್ನ ನರ್ಸ್ ಕೇಳಿದಳು. ವ್ಯಾಕರಣಕ್ಕೆ ನಾಲ್ಕೋ ಐದೋ ಎಂದೆ. ಅವಳಿಗೆ ಅದು ಅನ್ಯಾಯವೆನಿಸಿತು. ನನಗೆ ಅಷ್ಟು ಸುಲಭವಾಗಿ ತೀರ್ಮಾನ ಮಾಡಲು ಆಗಲಿಲ್ಲ. ಗೈಡ್‌ಗೆ ತಾನು ಏನು ಹೇಳಬೇಕೆಂದು ಮೊದಲೇ ಗೊತ್ತು, ಇಪ್ಪತ್ತು ವರ್ಷದಿಂದ ಅದನ್ನೇ ಹೇಳುತ್ತಿದ್ದಾರೆ. ರೋಗಿ ಏನು ಹೇಳುತ್ತಾನೆಂದು ನರ್ಸ್‌ಗೆ ಮೊದಲೇ ಗೊತ್ತಿರುವುದಿಲ್ಲ.

ಕೆಳಗಿಳಿದು ಬರುವಾಗ ಒಂದು ವಿಷಯ ನೆನಪಾಯಿತು. ಈ ಊರಿನ ಮಟ್ಟಿಗೆ ಜಗತ್ತಿನ ಭಾಷೆ ಎಂಬುದು ಹೊಸತಲ್ಲ. ಆದಿಲಶಾಹಿಗಳ ಕಾಲದಲ್ಲಿ ಆ ಗದ್ದುಗೆಯ ಮೇಲಿದ್ದದ್ದು ಫಾರಸಿ. ಅದನ್ನು ಕಲಿತವರಿಗೆ ದರಬಾರಿನ ಬಾಗಿಲು ತೆರೆಯುತ್ತಿತ್ತು. ಆ ಬಾಗಿಲು ಎಂದೋ ಮುಚ್ಚಿತು. ಆದರೆ ಅರ್ಜಿ, ಜಮೀನು, ದವಾಖಾನೆ ಎನ್ನುವಾಗ ಅದನ್ನು ಪರಭಾಷೆ ಎಂದು ಯಾರು ನೆನೆಯುತ್ತಾರೆ? ಇರಾನಿನವರಂತೆ ಉಚ್ಚರಿಸಿ ತೋರಿಸು ಎಂದು ನಮ್ಮನ್ನು ಯಾರೂ ಕೇಳುವುದಿಲ್ಲ. ಮಾಸ್ತರ ಎಂಬ ಪದವನ್ನೇ ನೋಡಿ, ನನ್ನ ಜೀವಮಾನದ ಹೆಸರು, ಅಪ್ಪಟ ಇಂಗ್ಲಿಷು.

ಇಂಗ್ಲಿಷಿನ ವಿಷಯದಲ್ಲಿ ಮಾತ್ರ ಯಜಮಾನ ಇನ್ನೂ ಬದುಕಿದ್ದಾನೆ. ಕಾಶ್ಮೀರದಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಮಾಡಿದ ಬ್ರಜ್ ಕಚ್ರು 1985ರಲ್ಲಿ ಇಂಗ್ಲಿಷ್ ಮಾತಾಡುವ ಜಗತ್ತನ್ನು ಮೂರು ವೃತ್ತಗಳಾಗಿ ಬರೆದು ತೋರಿಸಿದರು. ಒಳಗಿನದರಲ್ಲಿ ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾ. ಅದರ ಹೊರಗೆ ವಸಾಹತುಗಳಾಗಿದ್ದ ಭಾರತ, ನೈಜೀರಿಯಾದಂಥ ದೇಶಗಳು. ಇನ್ನೂ ಆಚೆ ಚೀನಾ, ಜಪಾನ್. ನಡುವಿನ ವೃತ್ತದವರ ಇಂಗ್ಲಿಷ್ ಕೆಟ್ಟ ಇಂಗ್ಲಿಷ್ ಅಲ್ಲ, ಬೇರೆ ಇಂಗ್ಲಿಷ್ ಎಂಬುದು ಅವರ ವಾದ. ಬ್ರಿಟನ್ನಿನ ರ‍್ಯಾಂಡಾಲ್ಫ್ ಕ್ವರ್ಕ್ ಒಪ್ಪಲಿಲ್ಲ, ಕಲಿಯುವವರಿಗೆ ಮಾನಕ ರೂಪವನ್ನೇ ಕಲಿಸಬೇಕು ಎಂದರು. ಇಬ್ಬರೂ 1990ರ ಆಸುಪಾಸಿನಲ್ಲಿ ಪತ್ರಿಕೆಯಲ್ಲಿ ಚೆನ್ನಾಗಿ ಜಟಾಪಟಿ ನಡೆಸಿದರು. ನನಗೆ ಕಚ್ರು ಹೇಳಿದ್ದು ಸರಿ ಎನಿಸುತ್ತದೆ, ಆದರೆ ವೀಸಾ ಕಚೇರಿಗೆ ಹಾಗೆನಿಸುವುದಿಲ್ಲ. ಬ್ರಿಟನ್ನಿನ ವೀಸಾ ನಿಯಮಗಳಲ್ಲಿ ಇಂಗ್ಲಿಷ್ ಬಹುಸಂಖ್ಯಾತರ ಮಾತಾಗಿರುವ ದೇಶಗಳ ಪಟ್ಟಿಯೊಂದಿದೆ. ಜಮೈಕಾ ಇದೆ, ಮಾಲ್ಟಾ ಇದೆ, ಭಾರತ ಇಲ್ಲ. ಸುಪ್ರೀಂ ಕೋರ್ಟಿನ ಕಲಾಪವನ್ನು ಇಂಗ್ಲಿಷಿನಲ್ಲಿ ನಡೆಸಬೇಕೆಂದು ಸಂವಿಧಾನದ 348ನೆಯ ವಿಧಿಯಲ್ಲಿ ಬರೆದುಕೊಂಡ ದೇಶ ನಮ್ಮದು. ಇರಲಿ, ಬಹುಸಂಖ್ಯಾತರು ಅಲ್ಲ ಎಂಬುದೂ ನಿಜ.

‘ನೇಟಿವ್’ ಎಂಬ ಪದದ ಪಾಡನ್ನೇ ನೋಡಿ. ಬ್ರಿಟಿಷರು ಬೆಳಗಾವಿಯ ದಂಡು ಪ್ರದೇಶದಲ್ಲಿದ್ದ ಕಾಲದಲ್ಲಿ ನೇಟಿವ್ ಎಂದರೆ ನಾವು, ಮೂಗು ಮುರಿದು ಹೇಳುವ ಪದ. ಈಗ ಭಾಷೆಯ ಪರೀಕ್ಷೆಯ ಮಾತು ಬಂದಾಗ ನೇಟಿವ್ ಎಂದರೆ ಅವರು, ತಲೆಯೆತ್ತಿ ನೋಡುವ ಪದ. ಅಭ್ಯಾಸದ ವೇಳೆ ನನ್ನ ನರ್ಸ್, “ಇಂಡಿ ಈಸ್ ಮೈ ನೇಟಿವ್” ಎಂದಳು. ಅದು ತಪ್ಪು, ಮುಂದೆ ‘ಪ್ಲೇಸ್’ ಸೇರಿಸಬೇಕು, ಸೇರಿಸಿದರೂ ಅಲ್ಲಿಯವರು ಹಾಗೆ ಹೇಳುವುದಿಲ್ಲ ಎಂದೆ. “ಊರು ಅನ್ನುವುದಕ್ಕೆ ಅವರ ಹತ್ತಿರ ಪದವೇ ಇಲ್ಲವೇ ಸರ್?” ಎಂದು ಕೇಳಿದಳು. ‘ವಿಲೇಜ್’, ‘ಹೋಮ್‌ಟೌನ್’ ಎಂದೆಲ್ಲ ಹೇಳಿ ನೋಡಿದೆ. ಯಾವುದೂ ಊರಾಗಲಿಲ್ಲ.

ಇನ್ನೊಂದು ದಿನ ತಲೆನೋವಿನ ಸರದಿ. ‘ಮೈ ಹೆಡ್ ಈಸ್ ಪೇನಿಂಗ್’ ಎಂಬ ವಾಕ್ಯವನ್ನು ನನ್ನ ಕೆಂಪು ಶಾಯಿ ಸಾವಿರ ಸಲವಾದರೂ ಹೊಡೆದುಹಾಕಿದೆ. ಇಂಗ್ಲಿಷಿನಲ್ಲಿ ತಲೆನೋವನ್ನು ‘ಹೊಂದಿರಬೇಕು’, ಎಮ್ಮೆಯನ್ನೋ ಹೊಲವನ್ನೋ ಹೊಂದಿದ ಹಾಗೆ. ಕನ್ನಡದಲ್ಲಿ ನೋವು ನಮಗೆ ಬರುತ್ತದೆ, ಇರುತ್ತದೆ, ಹೋಗುತ್ತದೆ. ನಾವು ಅದರ ಒಡೆಯರಲ್ಲ. ಅಣ್ಣತಮ್ಮಂದಿರೂ ಅಷ್ಟೇ, ನನಗೆ ಇಬ್ಬರು ಅಣ್ಣಂದಿರು ಇದ್ದಾರೆಯೇ ಹೊರತು ನಾನು ಅವರನ್ನು ಹೊಂದಿಲ್ಲ. ಆ ‘ಹೊಂದು’ವ ಕ್ರಿಯಾಪದ ನಮ್ಮ ಮಾತಿನಲ್ಲೇ ಇಲ್ಲದಿರುವುದರಿಂದ ‘ಐ ಆ್ಯಮ್ ಹ್ಯಾವಿಂಗ್’ ಎಂದು ಮಕ್ಕಳು ಎಡವುತ್ತಾರೆ. ಇದನ್ನು ಹೇಳಿಕೊಟ್ಟಿದ್ದರೆ ಎಡವುತ್ತಿರಲಿಲ್ಲವೇನೋ. ನಾನು ಕಾರಣ ಹೇಳದೆ ಗೆರೆ ಮಾತ್ರ ಎಳೆದೆ.

ಹಾಗೆಂದು ಪರೀಕ್ಷೆಯೇ ಬೇಡ ಎನ್ನುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ಆ ಗುಂಪಿನಿಂದ ನನ್ನನ್ನು ಹೊರಗೆಳೆದವಳು ಅವಳೇ. ಒಂದು ದಿನ ಅಂಕಿಗಳ ಅಭ್ಯಾಸದಲ್ಲಿ ‘ಫಿಫ್ಟೀನ್’, ‘ಫಿಫ್ಟಿ’ ಎರಡನ್ನೂ ಐದಾರು ಸಲ ತಪ್ಪಾಗಿ ಬರೆದಳು. ಅಲ್ಲಿ ಉದ್ದವಷ್ಟೇ ಅಲ್ಲ, ಒತ್ತೂ ಜಾಗ ಬದಲಿಸುತ್ತದೆ. ಹೋಗಲಿ ಬಿಡು, ಸಣ್ಣ ತಪ್ಪು ಎಂದೆ. ಅವಳು ಪೆನ್ನು ಕೆಳಗಿಟ್ಟು, “ಸಣ್ಣದಲ್ಲ ಸರ್. ವಾರ್ಡಿನಲ್ಲಿ ಡಾಕ್ಟರು ಫೋನಿನಲ್ಲಿ ಡೋಸ್ ಹೇಳುತ್ತಾರೆ. 15 ಮಿಲಿಗ್ರಾಂ ಅಂದದ್ದು ನನಗೆ 50 ಎಂದು ಕೇಳಿಸಿದರೆ?” ಎಂದಳು. ನಾನು ಸುಮ್ಮನಾದೆ. ಅಪರಿಚಿತ ಊರಿನ ಮುದುಕಿಯೊಬ್ಬಳ ನರಕ್ಕೆ ಸೂಜಿ ಚುಚ್ಚುವ ಮೊದಲು ಈ ಹುಡುಗಿಯ ಕಿವಿ ಸರಿಯಿದೆಯೇ ಎಂದು ನೋಡಿಕೊಳ್ಳುವ ಹಕ್ಕು ಆ ಮುದುಕಿಗಿದೆ.

ನೋಡುವ ಬಗೆ ಸರಿಯಿರಬೇಕಷ್ಟೇ, ಅದು ಎಂದೂ ಸುಲಭವಾಗಿರಲಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯ ವಿದೇಶಿಯರಿಗಾಗಿ ಇಂಗ್ಲಿಷ್ ಪರೀಕ್ಷೆಯನ್ನು ಮೊದಲು ನಡೆಸಿದ್ದು 1913ರಲ್ಲಿ. ಹನ್ನೆರಡು ಗಂಟೆಗಳ ಪರೀಕ್ಷೆ, ಕುಳಿತವರು ಮೂವರು, ಮೂವರೂ ನಪಾಸು. 2017ರಲ್ಲಿ ಆಸ್ಟ್ರೇಲಿಯಾದಂಥ ದೇಶಗಳ, ಮನೆಮಾತೇ ಇಂಗ್ಲಿಷಾಗಿರುವ ನರ್ಸ್‌ಗಳು ಐಇಎಲ್‌ಟಿಎಸ್‌ನಲ್ಲಿ ಬೇಕಾದಷ್ಟು ಅಂಕ ಪಡೆಯಲಾಗದೆ ನಿಂತರೆಂದು ಬ್ರಿಟನ್ನಿನ ಪತ್ರಿಕೆಗಳು ಬರೆದವು. ಮರುವರ್ಷ ಅಲ್ಲಿಯ ನರ್ಸಿಂಗ್ ಮಂಡಳಿ ಬರವಣಿಗೆಯ ಮಟ್ಟವನ್ನು 7ರಿಂದ 6.5ಕ್ಕೆ ಇಳಿಸಿತು. ಅವಳಿಗೆ ಇದನ್ನು ಹೇಳಿದಾಗ ಆ ವಾರ ಮೊದಲ ಸಲ ನಕ್ಕಳು.

ನಮ್ಮ ಕಡೆಯ ಪೇಟೆಗಳಲ್ಲೂ ಈಗ ಈ ಪರೀಕ್ಷೆಗಳಿಗೆ ತರಬೇತಿ ಕೊಡುವ ಫಲಕಗಳು ಎದ್ದಿವೆ. ಅವಳು ಒಂದೆಡೆ ಎರಡು ತಿಂಗಳು ಹೋಗಿಬಂದಳು. ಅಲ್ಲಿ ಕೊಟ್ಟದ್ದು ಅಚ್ಚಾದ ಹಾಳೆಗಳು: ಯಾವ ವಿಷಯ ಬಂದರೂ ಮೊದಲ ಪ್ಯಾರಾ ಹೀಗೆ, ಕೊನೆಯದು ಹೀಗೆ, ನಡುವೆ ಬಿಟ್ಟ ಸ್ಥಳ ತುಂಬಿ. ಮಾತಿಗೂ ಅಂಥದೇ ಹಾಳೆ. ನೋಡಿದ ಕೂಡಲೇ ಗುರುತು ಹತ್ತಿತು. ನಾವು ಹತ್ತನೆಯ ತರಗತಿಯಲ್ಲಿ ಕೊಡುತ್ತಿದ್ದ ಗೈಡ್ ಪುಸ್ತಕವೇ ಕೋಟು ಟೈ ಹಾಕಿಕೊಂಡು ಬಂದಿತ್ತು.

ಆ ಹಾಳೆಗಳನ್ನು ಬದಿಗಿಟ್ಟು ಈಗ ಬೇರೆ ದಾರಿ ಹಿಡಿದಿದ್ದೇವೆ. ಒಇಟಿ ಎಂಬ ಇನ್ನೊಂದು ಪರೀಕ್ಷೆಯಿದೆ, ವೈದ್ಯರು, ನರ್ಸ್‌ಗಳು, ಔಷಧ ಕೊಡುವವರು ಇಂಥವರಿಗಾಗಿಯೇ ಮಾಡಿದ್ದು. ಬ್ರಿಟನ್ನಿನ ನರ್ಸಿಂಗ್ ಮಂಡಳಿ ಅದನ್ನೂ ಒಪ್ಪುತ್ತದೆ. ಶುಲ್ಕ ಇನ್ನೂ ಹೆಚ್ಚು, ಅವಳ ತಂದೆ ನಿಂಬೆಯ ಮುಂದಿನ ಕೊಯ್ಲಿನ ಮೇಲೆ ಲೆಕ್ಕ ಹಾಕಿದ್ದಾರೆ. ಬರವಣಿಗೆಯಲ್ಲಿ ಪ್ರಬಂಧವಿಲ್ಲ, ರೋಗಿಯ ಕೇಸ್ ಕಾಗದ ಕೊಟ್ಟು ಇನ್ನೊಬ್ಬರಿಗೆ ಪತ್ರ ಬರೆಯಲು ಹೇಳುತ್ತಾರೆ. ಮಾತಿನಲ್ಲಿ ಹಳೆಯ ಕಟ್ಟಡವಿಲ್ಲ. ಒಬ್ಬರು ರೋಗಿಯಾಗಿ ನಟಿಸುತ್ತಾರೆ, ಇವಳು ನರ್ಸ್ ಆಗಿ ಅವರೊಡನೆ ಐದೈದು ನಿಮಿಷದ ಎರಡು ಸಂಭಾಷಣೆ ನಡೆಸಬೇಕು. ಭಾಷೆಯ ಜೊತೆಗೆ ರೋಗಿಯ ಮಾತಿಗೆ ಕಿವಿಗೊಟ್ಟಳೇ, ಅವನ ಭಯವನ್ನು ಗುರುತಿಸಿದಳೇ ಎಂಬುದಕ್ಕೂ ಅಂಕವಿದೆ. ಇದೂ ನಾಟಕವೇ, ಒಪ್ಪುತ್ತೇನೆ. ಆದರೆ ಅವಳಿಗೆ ಗೊತ್ತಿರುವ ನಾಟಕ.

ಹೋದ ಭಾನುವಾರ ರೋಗಿಯ ಪಾತ್ರ ನನ್ನದು. ಅರವತ್ತು ದಾಟಿದವ, ಎದೆನೋವು, ದವಾಖಾನೆಯಲ್ಲಿ ಉಳಿಯಲು ಒಲ್ಲೆ ಎನ್ನುತ್ತಾನೆ. ಮೊಬೈಲಿನ ಗಡಿಯಾರ ಒತ್ತಿದೆವು. ಎದೆಯ ಮೇಲೆ ಕೈಯಿಟ್ಟುಕೊಂಡು ಕುರ್ಚಿಯಲ್ಲಿ ಜೋತುಬಿದ್ದು, ನನಗೆ ಚೆಸ್ಟ್ ಪೇನ್ ಇದೆ, ಮನೆಗೆ ಕಳುಹಿಸಿ ಎಂದು ಇಂಗ್ಲಿಷಿನಲ್ಲಿ ಗೋಳಾಡಲು ಶುರುಮಾಡಿದೆ. ಅವಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ದನಿ ಇಳಿಸಿ, ನೋವು ಯಾವಾಗಿನಿಂದ, ಕೈಗೆ ಹರಡುತ್ತದೆಯೇ, ಮನೆಯಲ್ಲಿ ಯಾರಿದ್ದಾರೆ ಎಂದು ಒಂದೊಂದಾಗಿ ಕೇಳತೊಡಗಿದಳು. ಒಂದೆರಡು ಕಡೆ ‘ಎ’ ಬಿಟ್ಟಳು, ಒಂದು ಕಡೆ ಕ್ರಿಯಾಪದ ಎಡವಿತು. ನನ್ನ ಕೈಗೆ ಕೆಂಪು ಪೆನ್ನಿನ ತುರಿಕೆ ಬಂತು, ತಡೆದುಕೊಂಡೆ. ನಾನು ಹೆದರಿದ್ದೇನೆ ಎಂದಾಗ ಅವಳು ಮಾತು ನಿಲ್ಲಿಸಿ, ನನ್ನ ಮಣಿಕಟ್ಟು ಹಿಡಿದು ನಾಡಿ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಳು.

ಆಗ ಒಳಗೆ ರೊಟ್ಟಿಯ ಸದ್ದು ನಿಂತಿತು. ಹೆಂಡತಿ ಮೊಣಕೈವರೆಗೆ ಜೋಳದ ಹಿಟ್ಟು ಮೆತ್ತಿಕೊಂಡು ಪಡಸಾಲೆಗೆ ಓಡಿಬಂದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ‘ಚೆಸ್ಟ್ ಪೇನ್’ ಎಂಬ ಎರಡು ಪದ ಯಾರಿಗೆ ಬರುವುದಿಲ್ಲ? ನಾನು ಎದೆ ಹಿಡಿದು ಕುಳಿತಿದ್ದೇನೆ, ನರ್ಸ್ ನಾಡಿ ನೋಡುತ್ತಿದ್ದಾಳೆ.

“ಯಾವಾಗಿನಿಂದ? ಮೊದಲೇ ಯಾಕೆ ಹೇಳಲಿಲ್ಲ?” ಎಂದು ನನ್ನ ಮೇಲೆ ಎರಗಿದಳು.

“ಏನೂ ಆಗಿಲ್ಲ ಅಮ್ಮಾ, ಇದು ಪರೀಕ್ಷೆಯ ಅಭ್ಯಾಸ, ಸರ್ ಆರಾಮಾಗಿದ್ದಾರೆ” ಎಂದು ಹುಡುಗಿ ಎದ್ದು ಅವಳ ಹಿಟ್ಟಿನ ಕೈ ಹಿಡಿದುಕೊಂಡಳು. ಹೆಂಡತಿ ನನ್ನನ್ನು ನೋಡಿದಳು, ಅವಳನ್ನು ನೋಡಿದಳು, ನಂಬಲಿಲ್ಲ. “ಕುಳಿತುಕೊಳ್ಳಿ ಅಮ್ಮಾ, ನೀರು ತರುತ್ತೇನೆ, ನಿಮಗೇ ಬಿಪಿ ಏರಿದ ಹಾಗಿದೆ” ಎನ್ನುತ್ತ ಅವಳನ್ನು ನನ್ನ ಕುರ್ಚಿಯಲ್ಲಿ ಕೂರಿಸಿ, ನನ್ನನ್ನು ಎಬ್ಬಿಸಿದಳು. ಮೇಜಿನ ಮೇಲೆ ಗಡಿಯಾರ ಇನ್ನೂ ಓಡುತ್ತಿತ್ತು, ಆರು ನಿಮಿಷ ದಾಟಿತ್ತು. ಒಲೆಯ ಮೇಲಿನ ರೊಟ್ಟಿ ಸೀದ ವಾಸನೆ ಪಡಸಾಲೆಗೆ ಬಂದ ಮೇಲೆಯೇ ನಮಗೆ ಅದರ ನೆನಪಾದದ್ದು.